39 ಮಿಲಿಮೀಟರ್ 'ಜಂಬೋ' ಆಗಿದ್ದ ಕಾಲ: ಸಣ್ಣ ಕೈಗೆ ಎಷ್ಟು ದೊಡ್ಡ ವಾಚು?

ಇವತ್ತಿನ ಸಂಚಿಕೆಯನ್ನ ಒಂದು ಸಂಖ್ಯೆಯಿಂದ ಶುರು ಮಾಡೋಣ. ಮೂವತ್ತೊಂಬತ್ತು.

1972ರಲ್ಲಿ ಸ್ವಿಟ್ಜರ್ಲೆಂಡಿನ ಓಡೆಮಾರ್ ಪಿಗೆ ಅನ್ನೋ ಕಂಪನಿ 'ರಾಯಲ್ ಓಕ್' ಅನ್ನೋ ಉಕ್ಕಿನ ವಾಚನ್ನ ಮಾರುಕಟ್ಟೆಗೆ ತಂತು. ಎಂಟು ಮೂಲೆಯ ಅಂಚು, ಅದರ ಮೇಲೆ ಎದ್ದು ಕಾಣೋ ಎಂಟು ಸ್ಕ್ರೂ. ವಿನ್ಯಾಸ ಮಾಡಿದವರು ಜೆರಾಲ್ಡ್ ಜೆಂಟಾ. ಅಗಲ 39 ಮಿಲಿಮೀಟರ್. ಆ ಕಾಲದ ಜನರ ಕಣ್ಣಿಗೆ ಅದು ಎಷ್ಟು ದೊಡ್ಡದಾಗಿ ಕಂಡಿತು ಅಂದ್ರೆ, ಅದಕ್ಕೆ 'ಜಂಬೋ' ಅನ್ನೋ ಅಡ್ಡಹೆಸರೇ ಬಿತ್ತು. ಆ ಹೆಸರು ಇವತ್ತಿಗೂ ಅಳಿಸಿಲ್ಲ.

ಈಗ ನಿಮ್ಮ ಫೋನಿನಲ್ಲಿ 'ಸಣ್ಣ ಕೈಗೆ ಯಾವ ವಾಚು' ಅಂತ ಹುಡುಕಿ ನೋಡಿ. ಅದೇ 39 ಮಿಲಿಮೀಟರಿನ ವಾಚುಗಳು ಆ ಪಟ್ಟಿಯಲ್ಲಿ ಬಂದು ಕೂತಿರುತ್ತವೆ. ಐವತ್ತು ವರ್ಷದಲ್ಲಿ ಜಂಬೋ ಅನ್ನಿಸಿಕೊಂಡಿದ್ದು ಸಣ್ಣದಾಗಿಹೋಯ್ತು. ಅಷ್ಟರಲ್ಲಿ ಮನುಷ್ಯರ ಮಣಿಕಟ್ಟು ಹಿಗ್ಗಿಬಿಡ್ತಾ? ಇಲ್ಲ. ಹಾಗಾದ್ರೆ ಬದಲಾಗಿದ್ದು ಏನು?

ಇದು ಬರೀ ಶೋಕಿಯ ಪ್ರಶ್ನೆ ಅಲ್ಲ. ಕೈ ತೆಳ್ಳಗಿರೋ ಹುಡುಗರನ್ನ ಕೇಳಿ ನೋಡಿ. ದೊಡ್ಡ ವಾಚು ಕಟ್ಟಿದ್ರೆ 'ಕೈಗಿಂತ ವಾಚೇ ದೊಡ್ಡದಾಯ್ತಲ್ಲೋ' ಅಂತಾರೆ. ಸಣ್ಣದು ಕಟ್ಟಿದ್ರೆ 'ಏನೋ, ಅಕ್ಕನ ವಾಚಾ?' ಅಂತಾರೆ. ಹುಡುಗಿಯರದು ಇನ್ನೊಂದು ಕತೆ. ಸಾದಾ ಡಯಲ್ಲು, ಓದೋಕೆ ಸುಲಭವಾದ ಅಂಕಿ, ನೀರಿಗೆ ಹೆದರದ ವಾಚು ಬೇಕು ಅಂದ್ರೆ 'ಅದು ಜೆಂಟ್ಸ್ ಮೇಡಂ' ಅನ್ನೋ ಉತ್ತರ. ಅವರಿಗೆ ತೋರಿಸೋದು ಹೂವು, ಹರಳು, ಗುಲಾಬಿ ಬಣ್ಣ. ಕೊನೆಗೆ ಇಬ್ಬರಿಗೂ ತಮ್ಮ ಕೈಯಲ್ಲೇ ಏನೋ ಐಬಿದೆ ಅನ್ನಿಸೋಕೆ ಶುರುವಾಗುತ್ತೆ.

ಐಬು ಕೈಯಲ್ಲಿಲ್ಲ. 'ಸರಿಯಾದ ಸೈಜು' ಅನ್ನೋದನ್ನ ಯಂತ್ರ, ಯುದ್ಧ ಮತ್ತು ಮಾರುಕಟ್ಟೆ, ಈ ಮೂರೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯಾಗಿ ತೀರ್ಮಾನ ಮಾಡಿವೆ. ಆ ಕತೆ ಗೊತ್ತಾದ್ರೆ ಅಂಗಡಿಯಲ್ಲಿ ನಿಂತು ಆರಿಸೋದು ಸುಲಭ.

ಮೊದಲು ಅದು ಹೆಂಗಸರ ಒಡವೆ

ಕೈಗೆ ಕಟ್ಟೋ ಗಡಿಯಾರ ಹುಟ್ಟಿದ್ದೇ ಹೆಣ್ಣುಮಕ್ಕಳಿಗಾಗಿ. 1810ರಲ್ಲಿ ನೆಪೋಲಿಯನ್‌ನ ತಂಗಿ, ನೇಪಲ್ಸಿನ ರಾಣಿ ಕ್ಯಾರೊಲಿನ್ ಮ್ಯುರಾ, ಪ್ಯಾರಿಸಿನ ಗಡಿಯಾರ ತಯಾರಕ ಬ್ರೆಗೆ ಅವರ ಹತ್ತಿರ ಕೈಗೆ ಕಟ್ಟೋ ಗಡಿಯಾರವೊಂದನ್ನ ಮಾಡಿಕೊಡೋಕೆ ಹೇಳಿದಳು. ದಾಖಲೆಯಿರೋ ಅತ್ಯಂತ ಹಳೆಯ ಕೈಗಡಿಯಾರಗಳಲ್ಲಿ ಅದೂ ಒಂದು. 1868ರಲ್ಲಿ ಪಾಟೆಕ್ ಫಿಲಿಪ್ ಕಂಪನಿ ಹಂಗೆರಿಯ ಒಬ್ಬ ಕೌಂಟೆಸ್‌ಗೆ ಕೈಗಡಿಯಾರ ಮಾಡಿತು. ಎರಡೂ ಬಳೆ, ಕಡಗದ ಸಾಲಿಗೆ ಸೇರೋ ವಸ್ತುಗಳು.

ಆಗ ಗಂಡಸರ ಗಡಿಯಾರ ಇರ್ತಾ ಇದ್ದದ್ದು ಜೇಬಿನಲ್ಲಿ, ಸರಪಳಿಗೆ ಕಟ್ಟಿಕೊಂಡು. ಕೈಗೆ ಗಡಿಯಾರ ಕಟ್ಟೋದು ಗಂಡಸರಿಗೆ ಒಪ್ಪಲ್ಲ ಅನ್ನೋದು ಹತ್ತೊಂಬತ್ತನೇ ಶತಮಾನದ ಯುರೋಪಿನ ಸಾಮಾನ್ಯ ಅಭಿಪ್ರಾಯ. ಅಂದ್ರೆ ಇವತ್ತು 34 ಮಿಲಿಮೀಟರ್ ವಾಚಿಗೆ ಬೀಳೋ 'ಹೆಂಗಸರದು' ಅನ್ನೋ ಗೇಲಿ ಆಗ ಇಡೀ ಕೈಗಡಿಯಾರ ಜಾತಿಗೇ ಬೀಳ್ತಾ ಇತ್ತು.

ಇನ್ನೊಂದು ಮಾತು. ಸಣ್ಣ ಗಡಿಯಾರ ಮಾಡೋದು ಸುಲಭದ ಕೆಲಸ ಆಗಿರಲಿಲ್ಲ. ಕೀ ಕೊಡೋ ಗಡಿಯಾರದ ಒಳಗೆ ಬ್ಯಾಲೆನ್ಸ್ ಅನ್ನೋ ಪುಟ್ಟ ಚಕ್ರ ಆ ಕಡೆ ಈ ಕಡೆ ತಿರುಗ್ತಾ ಸಮಯವನ್ನ ಎಣಿಸುತ್ತೆ. ಅದು ದೊಡ್ಡದಾಗಿ, ತೂಕವಾಗಿದ್ದಷ್ಟೂ ಕೈ ಅಲುಗಾಟಕ್ಕೆ ಅದರ ಓಟ ಸುಲಭವಾಗಿ ತಪ್ಪೋದಿಲ್ಲ. ಚಕ್ರ ಸಣ್ಣದಾದಷ್ಟೂ ನಿಖರತೆ ಕಾಪಾಡೋದು ಕಷ್ಟ. ಹಾಗಾಗಿ ಸಣ್ಣ ಗಡಿಯಾರ ಅಂದ್ರೆ ಕುಶಲತೆಯ ಗುರುತು. 1929ರಲ್ಲಿ ಜೇಗರ್-ಲಕೂಲ್ಟ್ರ್ ಕಂಪನಿ 'ಕ್ಯಾಲಿಬರ್ 101' ಅನ್ನೋ ಯಂತ್ರ ಮಾಡಿತು. ಉದ್ದ 14 ಮಿಲಿಮೀಟರ್, ಅಗಲ 5 ಮಿಲಿಮೀಟರಿಗೂ ಕಡಿಮೆ, ತೂಕ ಸುಮಾರು ಒಂದು ಗ್ರಾಂ. 1953ರಲ್ಲಿ ಬ್ರಿಟನ್ನಿನ ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ದಿನ ಆಕೆಯ ಕೈಯಲ್ಲಿದ್ದದ್ದು ಇದೇ ಯಂತ್ರದ ವಾಚು.

ಕಂದಕದಿಂದ ಕೈಗೆ

ಗಂಡಸರ ಕೈಗೆ ಗಡಿಯಾರ ಕಟ್ಟಿಸಿದ್ದು ಯುದ್ಧ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ತಮ್ಮ ಜೇಬುಗಡಿಯಾರವನ್ನ ಚರ್ಮದ ಪಟ್ಟಿಯೊಳಗೆ ಕೂರಿಸಿ ಮಣಿಕಟ್ಟಿಗೆ ಬಿಗಿದುಕೊಂಡರು. ಕುದುರೆಯ ಲಗಾಮು ಒಂದು ಕೈಯಲ್ಲಿ, ಬಂದೂಕು ಇನ್ನೊಂದರಲ್ಲಿ. ಜೇಬಿಗೆ ಕೈ ಹಾಕೋಕೆ ಪುರುಸೊತ್ತೆಲ್ಲಿ?

ಆಮೇಲೆ ಬಂತು ಮೊದಲನೇ ಮಹಾಯುದ್ಧ. ಫಿರಂಗಿಗಳ ಗುಂಡು ಬೀಳೋ ಜಾಗ ಮುಂದೆ ಮುಂದೆ ಹೋಗಬೇಕು, ಅದರ ಹಿಂದೆಯೇ ಕಾಲಾಳುಗಳು ನಡೀಬೇಕು. ನಿಮಿಷದ ಲೆಕ್ಕ ತಪ್ಪಿದ್ರೆ ತಮ್ಮವರ ಗುಂಡಿಗೆ ತಾವೇ ಬಲಿ. ಕಂದಕದೊಳಗಿನ ಅಧಿಕಾರಿಗೆ ಕೈಗಡಿಯಾರ ಅನ್ನೋದು ಆಯುಧದಷ್ಟೇ ಮುಖ್ಯವಾಯ್ತು. ಆ ವಾಚುಗಳನ್ನ ಇವತ್ತು 'ಟ್ರೆಂಚ್ ವಾಚ್' ಅಂತ ಕರೀತಾರೆ. ಸಣ್ಣ ಜೇಬುಗಡಿಯಾರದ ಡಬ್ಬಿಗೆ ತಂತಿಯ ಕೊಂಡಿ ಬೆಸೆದು ಬೆಲ್ಟು ಪೋಣಿಸಿದ ಹಾಗಿರೋ ವಾಚು. ಸಾಮಾನ್ಯವಾಗಿ 31ರಿಂದ 36 ಮಿಲಿಮೀಟರ್ ಅಗಲ.

ಅಷ್ಟು ಹೊತ್ತಿಗೆ ಸಣ್ಣ ಯಂತ್ರ ಸಮಯ ಸರಿ ತೋರಿಸಲ್ಲ ಅನ್ನೋ ವಾದಕ್ಕೂ ಉತ್ತರ ಸಿಕ್ಕಿತ್ತು. 1914ರಲ್ಲಿ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯ ರೋಲೆಕ್ಸ್‌ನ ಒಂದು ಪುಟ್ಟ ಕೈಗಡಿಯಾರಕ್ಕೆ ನಿಖರತೆಯ ಕ್ಲಾಸ್ ಎ ಪ್ರಮಾಣಪತ್ರ ಕೊಟ್ಟಿತು. ಯುದ್ಧ ಮುಗಿಸಿ ಊರಿಗೆ ಬಂದ ಸೈನಿಕರ ಕೈಯಲ್ಲಿ ವಾಚು ಉಳೀತು. ಅದನ್ನ ಹೆಂಗಸರ ಒಡವೆ ಅಂತ ಗೇಲಿ ಮಾಡೋ ಧೈರ್ಯ ಯಾರಿಗಿತ್ತು?

ಇಲ್ಲಿಂದ ಮುಂದಿನ ನಾಲ್ಕೈದು ದಶಕ ಗಂಡಸರ ವಾಚು ಅಂದ್ರೆ 30ರಿಂದ 36 ಮಿಲಿಮೀಟರ್. 1932ರಲ್ಲಿ ಪಾಟೆಕ್ ಫಿಲಿಪ್ ತಂದ 'ಕಲಾತ್ರಾವ' ಅನ್ನೋ ಮಾದರಿ ಇವತ್ತಿಗೂ ಸೂಟಿಗೆ ಒಪ್ಪೋ ವಾಚಿನ ಮಾದರಿ ಅಂತಾನೇ ಲೆಕ್ಕ. ಅದರ ಅಗಲ ಸುಮಾರು 31 ಮಿಲಿಮೀಟರ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಕೊಟ್ಟ ಎ-11 ವಾಚು ಸುಮಾರು 32 ಮಿಲಿಮೀಟರ್. ಅದನ್ನ ಕಟ್ಟಿದವರು ಸೈನಿಕರು, ವಿಮಾನ ಹಾರಿಸಿದವರು. ಅವರ ಕೈ ಸಣ್ಣದು ಅಂತ ಯಾರೂ ಹೇಳಲಿಲ್ಲ.

ದೊಡ್ಡ ವಾಚು ಇತ್ತು, ಆದರೆ ಕೋಟಿನ ಮೇಲೆ

'ಹಾಗಾದ್ರೆ ಹಳೇ ಕಾಲದಲ್ಲಿ ದೊಡ್ಡ ವಾಚೇ ಇರಲಿಲ್ವಾ?' ಅಂತ ಕೇಳಬಹುದು. ಇತ್ತು. ಅದೇ ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಾಯುಪಡೆಗೆ ಲಾಂಗೆ, ಐಡಬ್ಲ್ಯೂಸಿ, ಲಾಕೋ, ಸ್ಟೋವಾ, ವೆಂಪೆ ಅನ್ನೋ ಐದು ತಯಾರಕರು ಮಾಡಿಕೊಟ್ಟ 'ಬಿ-ಊರ್' ಅನ್ನೋ ವಾಚು 55 ಮಿಲಿಮೀಟರ್ ಇತ್ತು. ಒಳಗಿದ್ದದ್ದು ಜೇಬುಗಡಿಯಾರಕ್ಕೆ ಹಾಕೋಂಥ ದೊಡ್ಡ ಯಂತ್ರ. ವಿಮಾನದ ದಾರಿ ಲೆಕ್ಕ ಹಾಕೋರು ಅದನ್ನ ದಪ್ಪ ಜಾಕೆಟ್ಟಿನ ತೋಳಿನ ಮೇಲೆ, ಉದ್ದನೆಯ ಚರ್ಮದ ಪಟ್ಟಿಯಿಂದ ಕಟ್ಟಿಕೊಳ್ತಾ ಇದ್ದರು. ಇಟಲಿಯ ನೌಕಾಪಡೆಯ ಮುಳುಗುಗಾರರಿಗೆ ಪನೆರಾಯ್ ಮಾಡಿಕೊಟ್ಟ ವಾಚು 47 ಮಿಲಿಮೀಟರ್. ಅದು ಕತ್ತಲೆ ನೀರಿನಲ್ಲಿ, ಮುಳುಗುಡುಗೆಯ ಮೇಲೆ ಕಟ್ಟಿ ಓದೋಕೆ.

ಅಂದ್ರೆ ಇವು ವಿಮಾನದ ಒಂದು ಮೀಟರ್ ಇದ್ದ ಹಾಗೆ, ಕೆಲಸದ ಸಲಕರಣೆ. ಬರಿ ಕೈಗೆ ಕಟ್ಟೋಕೆ ಮಾಡಿದ್ದೇ ಅಲ್ಲ. ಕೆಲಸ ಮುಗಿದ ಮೇಲೆ ಬಿಚ್ಚಿ ಇಡೋದು. ಈ ವ್ಯತ್ಯಾಸವನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮೂರಿನ 35

ಈಗ ಬೆಂಗಳೂರಿಗೆ ಬರೋಣ. 1953ರಲ್ಲಿ ಶುರುವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದ್ರೆ ಎಚ್ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಇಲ್ಲಿ ವಾಚು ತಯಾರಿಸೋಕೆ ಶುರು ಮಾಡಿತು. ಆಮೇಲೆ ತುಮಕೂರಿನಲ್ಲೂ ಫ್ಯಾಕ್ಟರಿ ಬಂತು. ಜನತಾ, ಪೈಲಟ್, ಕೊಹಿನೂರ್, ಕಾಂಚನ್. ನಿಮ್ಮ ಅಜ್ಜನ ಬೀರುವಿನಲ್ಲಿ ಹುಡುಕಿದ್ರೆ ಇವುಗಳಲ್ಲಿ ಒಂದು ಸಿಕ್ಕರೂ ಸಿಗಬಹುದು. ಎಸ್ಸೆಸ್ಸೆಲ್ಸಿ ಪಾಸಾದವರಿಗೆ, ಮದುವೆಗಂಡಿಗೆ, ಕೆಲಸದಿಂದ ನಿವೃತ್ತರಾದವರಿಗೆ ಎಚ್ಎಂಟಿ ವಾಚು ಕೊಡೋದು ಒಂದು ಕಾಲದಲ್ಲಿ ಸಂಪ್ರದಾಯವೇ ಆಗಿಹೋಗಿತ್ತು.

ಜನತಾ ವಾಚನ್ನ ಸ್ಕೇಲಿಟ್ಟು ಅಳೆದು ನೋಡಿ. ಸುಮಾರು 35 ಮಿಲಿಮೀಟರ್. ಹೊಲದಲ್ಲಿ ದುಡಿದ ಕೈ, ಬಸ್ಸು ಓಡಿಸಿದ ಕೈ, ಕಚೇರಿಯಲ್ಲಿ ಫೈಲು ಬರೆದ ಕೈ, ಎಲ್ಲಕ್ಕೂ ಅದೇ. 'ಇದು ಸಣ್ಣ ಕೈಯವರ ವಾಚು' ಅನ್ನೋ ಮಾತೇ ಆಗ ಇರಲಿಲ್ಲ. ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಎಚ್ಎಂಟಿ ವಾಚಸ್ ಕಂಪನಿಯನ್ನ ಮುಚ್ಚೋಕೆ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಆ 35 ಅನ್ನೋ ಅಳತೆಯೂ ಅಂಗಡಿಗಳ ಗಾಜಿನ ಪೆಟ್ಟಿಗೆಯಿಂದ ಹೆಚ್ಚುಕಡಿಮೆ ಮಾಯವಾಗಿತ್ತು. ಅದನ್ನ ಮಾಯ ಮಾಡಿದ್ದು ಯಾರು?

ಸಮಯ ಅಗ್ಗವಾದಾಗ ವಾಚು ಊದಿತು

1969ರ ಡಿಸೆಂಬರ್ 25. ಜಪಾನಿನ ಸೈಕೋ ಕಂಪನಿ 'ಆಸ್ಟ್ರಾನ್' ಅನ್ನೋ ಕ್ವಾರ್ಟ್ಜ್ ವಾಚನ್ನ ಮಾರಾಟಕ್ಕಿಟ್ಟಿತು. ಕೀ ಕೊಡೋ ಹಾಗಿಲ್ಲ, ಬ್ಯಾಟರಿ ಸಾಕು. ನಿಖರತೆಯಲ್ಲಿ ಹಳೆಯ ಯಂತ್ರಗಳು ಅದರ ಹತ್ತಿರವೂ ಸುಳಿಯೋ ಹಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕ್ವಾರ್ಟ್ಜ್ ಅಗ್ಗವಾಯ್ತು. ಸ್ವಿಟ್ಜರ್ಲೆಂಡಿನ ವಾಚು ಉದ್ಯಮದಲ್ಲಿ 1970ರಲ್ಲಿ ಸುಮಾರು 90 ಸಾವಿರ ಜನ ಕೆಲಸ ಮಾಡ್ತಾ ಇದ್ದರು. 1980ರ ದಶಕದ ಮಧ್ಯಕ್ಕೆ ಉಳಿದವರು 30 ಸಾವಿರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಈಗ ಯೋಚನೆ ಮಾಡಿ. ಸರಿಯಾದ ಸಮಯ ಎಲ್ಲರ ಕೈಗೂ ಕಡಿಮೆ ದುಡ್ಡಿಗೆ ಸಿಗೋ ಹಾಗಾದ ಮೇಲೆ ದುಬಾರಿ ವಾಚಿಗೆ ಉಳಿದ ಕೆಲಸ ಏನು? ಕಾಣಿಸೋದು. ಕೋಣೆಯ ಆ ತುದಿಯಿಂದಲೂ ಕಾಣಬೇಕು ಅಂದ್ರೆ ದೊಡ್ಡದಾಗಿರಬೇಕು. 1993ರಲ್ಲಿ ಓಡೆಮಾರ್ ಪಿಗೆ 'ರಾಯಲ್ ಓಕ್ ಆಫ್‌ಶೋರ್' ತಂದಿತು, 42 ಮಿಲಿಮೀಟರ್. ಅದಕ್ಕೆ ಬಿದ್ದ ಅಡ್ಡಹೆಸರು 'ಬೀಸ್ಟ್', ಅಂದ್ರೆ ಮೃಗ. ಅದೇ ವರ್ಷ ಪನೆರಾಯ್ ತನ್ನ ಸೇನಾ ವಾಚಿನ ಮಾದರಿಯನ್ನ ಜನಸಾಮಾನ್ಯರಿಗೂ ಮಾರೋಕೆ ಶುರು ಮಾಡಿತು, 44 ಮಿಲಿಮೀಟರ್. ಹಾಲಿವುಡ್ಡಿನ ಸಿಲ್ವೆಸ್ಟರ್ ಸ್ಟಾಲೋನ್ 1996ರ 'ಡೇಲೈಟ್' ಸಿನಿಮಾದಲ್ಲಿ ಅದನ್ನ ಕಟ್ಟಿಕೊಂಡರು. 2005ರಲ್ಲಿ ಹ್ಯೂಬ್ಲೋ ಕಂಪನಿಯ 'ಬಿಗ್ ಬ್ಯಾಂಗ್' ಬಂತು. ಹೆಸರಲ್ಲೇ ಎಲ್ಲ ಇದೆ.

ಮುಳುಗುಡುಗೆಯ ಮೇಲೆ ಕಟ್ಟೋಕೆ ಅಂತ ಹುಟ್ಟಿದ ಅಳತೆ ಅರ್ಧ ತೋಳಿನ ಶರ್ಟಿನ ಕೆಳಗೆ, ಬರಿ ಕೈಗೆ ಬಂದು ಕೂತದ್ದು ಹೀಗೆ. ದುಬಾರಿ ಕಂಪನಿಗಳು ಮಾಡಿದ್ದನ್ನ ಅಗ್ಗದ ಕಂಪನಿಗಳೂ ಮಾಡಿದವು. 2010ರ ಹೊತ್ತಿಗೆ 42, 44 ಅನ್ನೋದು ಗಂಡಸರ ಸಾಮಾನ್ಯ ಸೈಜು ಆಗಿಹೋಯ್ತು. ಹಳೆಯ 34, 35 ಮಿಲಿಮೀಟರ್ ವಾಚುಗಳನ್ನ ಸೆಕೆಂಡ್‌ಹ್ಯಾಂಡ್ ವ್ಯಾಪಾರದಲ್ಲಿ 'ಬಾಯ್ಸ್ ಸೈಜ್' ಅಂತ ಕರೆದದ್ದೂ ಉಂಟು. ಅಜ್ಜನ ವಾಚು ಮೊಮ್ಮಗನ ಕಾಲಕ್ಕೆ ಮಕ್ಕಳ ವಾಚಾಯ್ತು.

ಒಂದು ಸಣ್ಣ ಲೆಕ್ಕ. 36ರಿಂದ 42 ಅಂದ್ರೆ ಆರೇ ಮಿಲಿಮೀಟರ್ ಅಲ್ವಾ ಅನ್ನಿಸುತ್ತೆ. ಆದರೆ ವೃತ್ತದ ವಿಸ್ತೀರ್ಣ ಅಗಲದ ವರ್ಗದ ಲೆಕ್ಕದಲ್ಲಿ ಏರುತ್ತೆ. ಹಾಗಾಗಿ ಕೈಮೇಲೆ ಅದು ಶೇಕಡಾ 36ರಷ್ಟು ಹೆಚ್ಚು ಜಾಗ ಹಿಡಿಯುತ್ತೆ. ಎರಡು ಮಿಲಿಮೀಟರ್ ವ್ಯತ್ಯಾಸವೂ ಕಣ್ಣಿಗೆ ಹೊಡೆಯೋದು ಅದಕ್ಕೇ.

ಗಾಳಿ ತಿರುಗ್ತಾ ಇದೆ

ಈಗ ಮತ್ತೆ ಹಿಂದಕ್ಕೆ ಹೊರಟಿದೆ. ರೋಲೆಕ್ಸ್ ತನ್ನ 'ಎಕ್ಸ್‌ಪ್ಲೋರರ್' ವಾಚನ್ನ 2010ರಲ್ಲಿ 36ರಿಂದ 39ಕ್ಕೆ ಏರಿಸಿತ್ತು. 2021ರಲ್ಲಿ ವಾಪಸ್ 36 ಮಿಲಿಮೀಟರಿನದನ್ನ ತಂದಿತು. ಅದರ ಸೋದರ ಕಂಪನಿ ಟ್ಯೂಡರ್ 2018ರಲ್ಲಿ 39 ಮಿಲಿಮೀಟರಿನ, 2023ರಲ್ಲಿ 37 ಮಿಲಿಮೀಟರಿನ ಡೈವಿಂಗ್ ವಾಚುಗಳನ್ನ ಬಿಟ್ಟಿತು.

ಸ್ಮಾರ್ಟ್‌ವಾಚುಗಳು ಮಾತ್ರ ಉಲ್ಟಾ ದಿಕ್ಕಿಗೆ ಹೋಗ್ತಾ ಇವೆ. 2015ರಲ್ಲಿ ಮೊದಲ ಆ್ಯಪಲ್ ವಾಚ್ ಬಂದಾಗ ಎರಡು ಸೈಜು ಇತ್ತು: ಸಣ್ಣದು 38, ದೊಡ್ಡದು 42. 2024ರ ಸೀರೀಸ್ 10ರಲ್ಲಿ ಸಣ್ಣದು 42, ದೊಡ್ಡದು 46. ಒಂಬತ್ತೇ ವರ್ಷದಲ್ಲಿ ದೊಡ್ಡದರ ಅಳತೆ ಸಣ್ಣದರ ಅಳತೆ ಆಗಿಹೋಯ್ತು. ಜಂಬೋ ಕತೆಯೇ ಮತ್ತೊಮ್ಮೆ. ಇಲ್ಲಿ ಪರದೆ ದೊಡ್ಡದಾಗಬೇಕು, ಬ್ಯಾಟರಿಗೂ ಜಾಗ ಬೇಕು ಅನ್ನೋ ಕಾರಣವೂ ಇದೆ. ಇನ್ನೊಂದು ವಿಷಯ, ಆ್ಯಪಲ್ ಹೇಳೋ ಸಂಖ್ಯೆ ಅಗಲದ್ದಲ್ಲ, ಎತ್ತರದ್ದು. ದುಂಡು ವಾಚಿನ 42ಕ್ಕೂ ಇದರ 42ಕ್ಕೂ ಹೋಲಿಕೆ ಮಾಡಬೇಡಿ.

ಹಾಗಾದ್ರೆ ಆರಿಸೋದು ಹೇಗೆ?

ಇಷ್ಟು ಇತಿಹಾಸ ಕೇಳಿದ ಮೇಲೆ ಕೆಲಸಕ್ಕೆ ಬರೋ ಮಾತಿಗೆ ಬರೋಣ. ಒಂದು ದಾರ, ಒಂದು ಸ್ಕೇಲು ಸಾಕು.

ಮೊದಲು ವಾಚು ಕಟ್ಟೋ ಜಾಗದಲ್ಲಿ ಕೈ ಸುತ್ತ ದಾರ ಸುತ್ತಿ ಅಳೀರಿ. ಆರು, ಆರೂವರೆ ಇಂಚು ಬಂದ್ರೆ ನಿಮ್ಮದು ಸಣ್ಣ ಮಣಿಕಟ್ಟು ಅಂತ ಅಂಗಡಿಯವರು ಹೇಳ್ತಾರೆ. ಆದರೆ ಇದಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿದೆ. ಮಣಿಕಟ್ಟಿನ ಮೇಲ್ಭಾಗ ಸಮತಟ್ಟಾಗಿರುತ್ತಲ್ಲ, ಆ ಅಗಲ. ಸುತ್ತಳತೆ ಒಂದೇ ಇದ್ರೂ ಕೆಲವರ ಕೈ ಚಪ್ಪಟೆ, ಕೆಲವರದು ದುಂಡಗೆ. ಚಪ್ಪಟೆ ಕೈಗೆ ಸ್ವಲ್ಪ ದೊಡ್ಡ ವಾಚೂ ಒಪ್ಪುತ್ತೆ.

ಈಗ ವಾಚಿನ ಕಡೆ ಬನ್ನಿ. ಬೆಲ್ಟು ಸಿಕ್ಕಿಸೋಕೆ ಡಬ್ಬಿಯ ಮೇಲೆ ಎರಡು, ಕೆಳಗೆ ಎರಡು ಕಾಲು ಚಾಚಿಕೊಂಡಿರುತ್ತವೆ. ಅದನ್ನ 'ಲಗ್' ಅಂತಾರೆ. ಮೇಲಿನ ಲಗ್ಗಿನ ತುದಿಯಿಂದ ಕೆಳಗಿನ ಲಗ್ಗಿನ ತುದಿಯವರೆಗಿನ ಉದ್ದವೇ 'ಲಗ್ ಟು ಲಗ್'. ಈ ಉದ್ದ ನಿಮ್ಮ ಕೈಯ ಸಮತಟ್ಟು ಜಾಗವನ್ನ ದಾಟಬಾರದು, ಅಷ್ಟೇ ನಿಯಮ. ಸಮತಟ್ಟು ಜಾಗ 50 ಮಿಲಿಮೀಟರ್ ಇದ್ರೆ, 45, 46ರವರೆಗೆ ಆರಾಮಾಗಿ ಕೂರುತ್ತೆ. ದಾಟಿದ್ರೆ ವಾಚು ಸೇತುವೆ ಹಾಗೆ ನಿಲ್ಲುತ್ತೆ, ಬೆಲ್ಟಿನ ಪಕ್ಕ ಸಂದು ಕಾಣುತ್ತೆ. ಕಾಲು ಗಿಡ್ಡ ಇರೋ 40 ಮಿಲಿಮೀಟರಿನ ವಾಚು, ಕಾಲು ಉದ್ದ ಇರೋ 38ಕ್ಕಿಂತ ಚೆನ್ನಾಗಿ ಕೂರೋದು ಇದೇ ಕಾರಣಕ್ಕೆ. ಆನ್‌ಲೈನಲ್ಲಿ ಕೊಳ್ಳೋವಾಗ ಅಗಲ ಒಂದನ್ನೇ ನೋಡಬೇಡಿ, ಈ ಅಳತೆ ಕೊಟ್ಟಿದ್ದಾರಾ ನೋಡಿ.

ಮೂರನೆಯದು ದಪ್ಪ. 10 ಮಿಲಿಮೀಟರಿನೊಳಗಿನ ವಾಚು ಶರ್ಟಿನ ಕಫ್ ಕೆಳಗೆ ಸಲೀಸಾಗಿ ಜಾರುತ್ತೆ. ಸಣ್ಣ ಕೈಮೇಲೆ 14 ಮಿಲಿಮೀಟರ್ ದಪ್ಪದ್ದು ಡಬ್ಬಿ ಇಟ್ಟ ಹಾಗೆ ಕಾಣುತ್ತೆ. ತೆಳುವಾದ ವಾಚಿನ ವಿಷಯದಲ್ಲಿ ಹೊಸೂರಿನ ಟೈಟನ್ ದೊಡ್ಡ ಕೆಲಸ ಮಾಡಿದೆ. 2002ರಲ್ಲಿ ಬಂದ ಅವರ 'ಎಡ್ಜ್' ವಾಚಿನ ಒಟ್ಟು ದಪ್ಪ 3.5 ಮಿಲಿಮೀಟರ್.

ನಾಲ್ಕನೆಯದು ಡಯಲ್ಲು. ಅಂಚು ತೆಳುವಾಗಿ, ಡಯಲ್ಲು ಬಿಳಿಯಾಗಿದ್ರೆ ವಾಚು ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತೆ. ಅಂಚು ದಪ್ಪಗಿದ್ದು ಡಯಲ್ಲು ಕಪ್ಪಗಿದ್ರೆ ಸಣ್ಣದಾಗಿ ಕಾಣುತ್ತೆ. ಚೌಕದ ವಾಚು ಸಂಖ್ಯೆಗಿಂತ ದೊಡ್ಡದಾಗಿ ಕಾಣುತ್ತೆ, ಮೂಲೆಗಳಲ್ಲೂ ಜಾಗ ತುಂಬಿರುತ್ತಲ್ಲ, ಅದಕ್ಕೆ. ಮೆತ್ತನೆ ಚರ್ಮದ ಬೆಲ್ಟು ಲಗ್ಗಿನಿಂದಲೇ ಕೆಳಗೆ ಬಾಗುತ್ತೆ. ಕೆಲವು ಸ್ಟೀಲ್ ಚೈನುಗಳ ಮೊದಲ ಕೊಂಡಿ ಬಾಗದೆ ಹೊರಗೆ ಚಾಚಿಕೊಂಡು ಉದ್ದವನ್ನ ಇನ್ನೂ ಹೆಚ್ಚಿಸುತ್ತೆ.

ಕೊನೆಯದು ನಿಮ್ಮ ಫೋನು. ಕೈಯನ್ನ ಕ್ಯಾಮೆರಾ ಹತ್ತಿರ ಹಿಡಿದು ತೆಗೆದ ಫೋಟೋದಲ್ಲಿ ವಾಚು ಬೇಕಂತಲೇ ದೊಡ್ಡದಾಗಿ ಕಾಣುತ್ತೆ, ಯಾಕಂದ್ರೆ ಫೋನಿನ ಅಗಲ ನೋಟದ ಲೆನ್ಸು ಹತ್ತಿರದ್ದನ್ನ ಹಿಗ್ಗಿಸುತ್ತೆ. ಅದನ್ನ ನೋಡಿ ಬೇಜಾರು ಮಾಡ್ಕೋಬೇಡಿ. ಆಳೆತ್ತರದ ಕನ್ನಡಿ ಮುಂದೆ ನಿಂತು ನೋಡಿ. ಬೇರೆಯವರ ಕಣ್ಣಿಗೆ ನಿಮ್ಮ ಕೈ ಕಾಣೋದು ಹಾಗೆ. ಅಂಗಡಿಗೆ ಹೋಗೋಕೆ ಆಗಲ್ವಾ? ರಟ್ಟಿನ ಮೇಲೆ ವಾಚಿನ ಅಳತೆ ಬರೆದು, ಲಗ್ಗನ್ನೂ ಸೇರಿಸಿ ಕತ್ತರಿಸಿ ಕೈಮೇಲೆ ಇಟ್ಟು ನೋಡಿ.

ದುಡ್ಡು ಕಡಿಮೆ ಇದ್ರೂ ದಾರಿ ಇದೆ. 1989ರಿಂದ ಬರ್ತಾ ಇರೋ ಕ್ಯಾಸಿಯೋ ಎಫ್-91ಡಬ್ಲ್ಯೂ ಅನ್ನೋ ಡಿಜಿಟಲ್ ವಾಚಿನ ಅಗಲ 35 ಮಿಲಿಮೀಟರ್ ಚಿಲ್ಲರೆ, ದಪ್ಪ 8.5, ತೂಕ 21 ಗ್ರಾಂ. ಹಳೆಯ ಎಚ್ಎಂಟಿಯೂ ಇದೆ. ಆದರೆ ಆನ್‌ಲೈನಲ್ಲಿ ಹೊಳೆಯೋ ಬಣ್ಣಬಣ್ಣದ ಡಯಲ್ಲಿನ 'ಹಳೇ' ಎಚ್ಎಂಟಿ ಕಂಡ್ರೆ ಸ್ವಲ್ಪ ನಿಧಾನಿಸಿ. ಡಯಲ್ಲಿಗೆ ಹೊಸ ಬಣ್ಣ ಹೊಡೆದು, ಬೇರೆ ಬೇರೆ ವಾಚಿನ ಭಾಗ ಸೇರಿಸಿ ಮಾರೋರು ತುಂಬಾ ಇದ್ದಾರೆ. ಅದಕ್ಕಿಂತ ಮನೆಯಲ್ಲಿ ನಿಂತುಹೋಗಿರೋ ವಾಚನ್ನ ನಿಮ್ಮೂರಿನ ವಾಚ್ ರಿಪೇರಿಯವರ ಹತ್ತಿರ ತಗೊಂಡು ಹೋಗಿ ತೋರಿಸೋದು ವಾಸಿ.

ಇನ್ನು 'ಇದು ಲೇಡೀಸು, ಇದು ಜೆಂಟ್ಸು' ಅನ್ನೋ ಫಲಕ. ಕೈಗಡಿಯಾರವೇ ಹೆಂಗಸರದು ಅಂತ ಗಂಡಸರು ಮೂಗು ಮುರೀತಿದ್ದ ಕಾಲ ಒಂದಿತ್ತು. 32 ಮಿಲಿಮೀಟರ್ ಸೈನಿಕರದ್ದಾಗಿದ್ದ ಕಾಲ ಒಂದಿತ್ತು. ಆ ಫಲಕ ಮೂವತ್ತು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತೆ. ಮಣಿಕಟ್ಟು ಬದಲಾಗಲ್ಲ. ದಾರ ಹಿಡಿದು ಅಳೆದದ್ದನ್ನ ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಯಾವ ಕಡೆಯ ಗಾಜಿನ ಪೆಟ್ಟಿಗೆಯಲ್ಲಿ ಸಿಕ್ಕರೂ ಸರಿ, ಕೈಗೆ ಕೂತದ್ದನ್ನ ತಗೊಳ್ಳಿ.

ಇವತ್ತಿಗೆ ಇಷ್ಟು. ಮನೆಯಲ್ಲಿ ಹಳೇ ವಾಚು ಸಿಕ್ಕಿದ್ರೆ ಮೊದಲು ಅಗಲ ಅಳೆದು ನೋಡಿ, ಆಮೇಲೆ ಕೀ ಕೊಟ್ಟು ಕಿವಿ ಹತ್ತಿರ ಹಿಡೀರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.